ಕಾಲಂ ಜಾಸ್ತಿ, ಸಾಲು ಕಡಿಮೆ: ಕೋರಿಲೇಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಣಾಜೆ, ಸುರತ್ಕಲ್, ಮಣಿಪಾಲ ಕಡೆ ಪ್ರಾಜೆಕ್ಟ್ ಅಥವಾ ಪಿಎಚ್‌ಡಿ ಮಾಡುವವರಿಗೆ ಡೇಟಾ ಕೂಡಿಸುವ ತನಕ ಭಾರೀ ಉತ್ಸಾಹ. ಬಾವಿ ನೀರಿನ ಪರೀಕ್ಷೆ, ಮಲ್ಪೆ ಬಂದರಿಗೆ ಬಂದ ಮೀನಿನ ಲೆಕ್ಕ, ಅಡಿಕೆ ತೋಟದ ಸರ್ವೆ, ರಕ್ತಪರೀಕ್ಷೆಯ ರಿಪೋರ್ಟು, ವಿಷಯ ಏನೇ ಇರಲಿ, ಕೊನೆಗೆ ಕೈಯಲ್ಲಿ ಉಳಿಯುವುದು ಬಲಕ್ಕೆ ಸ್ಕ್ರೋಲ್ ಮಾಡಿದಷ್ಟೂ ಮುಗಿಯದ ಒಂದು ಎಕ್ಸೆಲ್ ಶೀಟು. ಗೈಡ್ ಹೇಳುತ್ತಾರೆ, "ಒಂದು ಕೋರಿಲೇಶನ್ ಹಾಕಿ ನೋಡಿ." ಪ್ರಶ್ನೆಗಳು ಅಲ್ಲಿಂದ ಶುರು.

ಕೆಳಗೆ ಬರುವ ಬಾವಿಗಳ ಅಂಕಿಗಳು ಲೆಕ್ಕ ತೋರಿಸಲು ಕಟ್ಟಿಕೊಂಡವು. ಎಕ್ಸೆಲ್ ತೆರೆದು ನೀವೇ ಹಾಕಿ ನೋಡಬಹುದು.

ಕೋರಿಲೇಶನ್ ಅಂದರೆ ಚುಟುಕಾಗಿ ಏನು?

ಒಂದು ಕಾಲಂನ ಅಂಕಿ ಏರಿದಾಗ ಇನ್ನೊಂದರ ಅಂಕಿ ಜೊತೆಯಲ್ಲಿ ಏರುತ್ತದಾ, ಇಳಿಯುತ್ತದಾ, ಅಥವಾ ಅದರ ಪಾಡಿಗೆ ಅದು ಇರುತ್ತದಾ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕ. ಶಾಲೆಯ ಪುಸ್ತಕದಲ್ಲಿ ಇದನ್ನು ಸಹಸಂಬಂಧ ಗುಣಾಂಕ ಎಂದು ಓದಿರುತ್ತೀರಿ. ಮೈನಸ್ 1ರಿಂದ ಪ್ಲಸ್ 1ರ ಒಳಗೆ ಇರುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದು ಹೇಳುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿರುವುದೇ, ಮುಂದೆ ಹೋಗೋಣ.

40 ಕಾಲಂ ಉಂಟು. ಎಲ್ಲವನ್ನೂ ಎಲ್ಲದರ ಜೊತೆ ಹಾಕಿ, ಸ್ಟಾರ್ (ಇದು ಬರೀ ಆಕಸ್ಮಿಕ ಇರಲಾರದು ಎಂದು ಸಾಫ್ಟ್‌ವೇರ್ ಹಾಕುವ ಗುರುತು) ಬಿದ್ದದ್ದನ್ನು ಬರೆದರೆ ಆಯ್ತಲ್ವಾ?

ಆಗುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ.

40 ಕಾಲಂ ಅಂದರೆ 40ನ್ನು 39ರಿಂದ ಗುಣಿಸಿ ಎರಡರಿಂದ ಭಾಗಿಸಿ, ಒಟ್ಟು 780 ಜೋಡಿ. ಶೇಕಡಾ 5ರ ಮಟ್ಟದಲ್ಲಿ ಪರೀಕ್ಷೆ ಮಾಡಿದರೆ, ಯಾವ ಕಾಲಂಗೂ ಯಾವ ಕಾಲಂ ಜೊತೆಯೂ ಸಂಬಂಧವೇ ಇಲ್ಲದಿದ್ದರೂ ಸರಾಸರಿ 39 ಜೋಡಿಗೆ ಸ್ಟಾರ್ ಬೀಳುತ್ತದೆ. 100 ಕಾಲಂ ಆದರೆ 4,950 ಜೋಡಿ, ಸುಮಾರು 247 ಪೊಳ್ಳು ಸ್ಟಾರ್. 200 ಆದರೆ 19,900 ಜೋಡಿ, ಅದರಲ್ಲಿ 995 ಪೊಳ್ಳು. ಕಾಲಂ ಎರಡು ಪಟ್ಟು ಮಾಡಿದರೆ ಪೊಳ್ಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಆಗುತ್ತದೆ.

ನಂಬಿಕೆ ಬರದಿದ್ದರೆ ಎಕ್ಸೆಲ್‌ನಲ್ಲಿ ರ್ಯಾಂಡ್ ಫಂಕ್ಷನ್ ಹಾಕಿ 30 ಸಾಲು, 10 ಕಾಲಂ ತುಂಬಿಸಿ. ಕೋರೆಲ್ ಫಾರ್ಮುಲಾ ಹಾಕಿ 45 ಜೋಡಿಗಳ ಪಟ್ಟಿ ಮಾಡಿ. ಪ್ಲಸ್ ಆಗಲಿ ಮೈನಸ್ ಆಗಲಿ, 0.361 ದಾಟಿದ ಕೋಶಕ್ಕೆ ಬಣ್ಣ ಬರುವ ಹಾಗೆ ಮಾಡಿ. 30 ಸಾಲಿಗೆ ಶೇಕಡಾ 5ರ ಮಟ್ಟದ ಗಡಿ ಅದು. ಈಗ ಎಫ್9 ಒತ್ತುತ್ತಾ ಇರಿ, ಒತ್ತಿದಾಗಲೆಲ್ಲ ರ್ಯಾಂಡ್ ಹೊಸ ಅಂಕಿ ತುಂಬುತ್ತದೆ. ಸರಾಸರಿ ಎರಡೋ ಮೂರೋ ಕೋಶ ಮಿನುಗುತ್ತವೆ, ಪ್ರತಿ ಸಲ ಬೇರೆ ಬೇರೆ. ಆ ಕಾಲಂಗಳಿಗೆ "ನೀರಿನ ಗಡಸುತನ", "ವಯಸ್ಸು", "ತೋಟದ ವಿಸ್ತೀರ್ಣ" ಎಂದು ಹೆಸರಿಟ್ಟಿದ್ದರೆ ಪ್ರತಿಯೊಂದಕ್ಕೂ ಒಂದು ಪ್ಯಾರಾ ವಿವರಣೆ ಬರೆಯಲು ನಮಗೆ ಏನೂ ಕಷ್ಟ ಆಗುತ್ತಿರಲಿಲ್ಲ. ಅಪಾಯ ಇರುವುದು ಅಲ್ಲೇ.

ಹಾಗಾಗಿ ಒಂದು ಗುಣಾಂಕ ತೋರಿಸಿದವರನ್ನು ನಾನು ಮೊದಲು ಕೇಳುವುದು ಅದು ಎಷ್ಟು ಬಂತು ಎಂದಲ್ಲ, ಅದು ಸಿಗುವ ಮೊದಲು ಎಷ್ಟು ಜೋಡಿ ನೋಡಿದಿರಿ ಎಂದು. ದೊಡ್ಡ ಮ್ಯಾಟ್ರಿಕ್ಸ್, ಅಂದರೆ ಎಲ್ಲಾ ಜೋಡಿಗಳ ಗುಣಾಂಕದ ಕೋಷ್ಟಕ, ಎಲ್ಲಿ ಹುಡುಕಬೇಕು ಎಂದು ಹೇಳಬಲ್ಲದು. ಅದನ್ನೇ ಫಲಿತಾಂಶ ಎಂದು ಬರೆದುಬಿಡಬಾರದು.

ಬೊನ್ಫೆರೋನಿ ಹಾಕಿದರೆ ಸಾಕಾ?

ಶೇಕಡಾ 5ರ ಗಡಿಯನ್ನು ಜೋಡಿಗಳ ಸಂಖ್ಯೆಯಿಂದ ಭಾಗಿಸಿ ಬಿಗಿ ಮಾಡುವುದು ಬೊನ್ಫೆರೋನಿ. ಪೊಳ್ಳು ತಡೆಯುವುದಕ್ಕೆ ಸಾಕು. ಆದರೆ ಕೆಲವೊಮ್ಮೆ ಗಟ್ಟಿಯದ್ದೂ ಜೊತೆಗೇ ಹೋಗುತ್ತದೆ. 0.05ನ್ನು 780ರಿಂದ ಭಾಗಿಸಿದರೆ 0.000064. 30 ಸಾಲಿನ ಡೇಟಾದಲ್ಲಿ ಈ ಗಡಿ ದಾಟಬೇಕಾದರೆ ಗುಣಾಂಕ ಸುಮಾರು 0.66 ಇರಬೇಕು. 0.5ರ ನಿಜವಾದ ಸಂಬಂಧ ಇದ್ದರೂ ಅದು ಜರಡಿಯಲ್ಲಿ ನಿಲ್ಲುವುದು ಅಪರೂಪ.

ಕಾಲಂ ಜಾಸ್ತಿ ಇರುವಾಗ ನನಗೆ ಇಷ್ಟ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ ದಾರಿ. 780 ಪಿ-ವ್ಯಾಲ್ಯೂಗಳನ್ನು (ಸಂಬಂಧವೇ ಇಲ್ಲದಿದ್ದರೂ ಇಷ್ಟು ದೊಡ್ಡ ಗುಣಾಂಕ ಬರುವ ಸಾಧ್ಯತೆ) ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಮೊದಲನೆಯದರ ಗಡಿ 0.000064, ಹತ್ತನೆಯದರ ಗಡಿ ಅದರ ಹತ್ತು ಪಟ್ಟು, ನೂರನೆಯದರದ್ದು ನೂರು ಪಟ್ಟು. ಪಟ್ಟಿಯಲ್ಲಿ ತನ್ನ ಗಡಿಯೊಳಗೆ ಇರುವ ಕೊನೆಯ ಪಿ-ವ್ಯಾಲ್ಯೂ ಯಾವುದು ನೋಡಿ, ಅಲ್ಲಿಯ ತನಕ ಎಲ್ಲವನ್ನೂ ಇಟ್ಟುಕೊಳ್ಳಿ. ಹೀಗೆ ಇಟ್ಟುಕೊಂಡ ಪಟ್ಟಿಯಲ್ಲಿ ಪೊಳ್ಳಿನ ಪಾಲು ಸರಾಸರಿ ಶೇಕಡಾ 5 ದಾಟಬಾರದು ಎಂಬುದು ಲೆಕ್ಕಾಚಾರ. ಅಂದರೆ ಒಂದೂ ಪೊಳ್ಳು ಬೇಡ ಎಂಬ ಹಟ ಇಲ್ಲಿಲ್ಲ, ಪೊಳ್ಳು ಹಿಡಿತದಲ್ಲಿ ಇದ್ದರೆ ಸಾಕು. ಪರೀಕ್ಷೆಗಳು ಒಂದರ ಮೇಲೊಂದು ವಿಪರೀತ ಅವಲಂಬಿಸಿವೆ ಅನಿಸಿದರೆ ಬೆಂಜಮಿನಿ ಮತ್ತು ಯೆಕುಟಿಯೇಲಿ 2001ರಲ್ಲಿ ಕೊಟ್ಟ ಇನ್ನೂ ಬಿಗಿಯಾದ ರೂಪ ಉಂಟು. ಆರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ಒಂದೇ ಫಂಕ್ಷನ್‌ನಲ್ಲಿ ಸಿಗುತ್ತವೆ.

ಸಾಲುಗಳು ಸಾಕಷ್ಟು ಇದ್ದರೆ ಇನ್ನೂ ಸರಳ ದಾರಿ ಇದೆ. ಡೇಟಾವನ್ನು ಲಾಟರಿ ಎತ್ತಿದ ಹಾಗೆ ಎರಡು ಪಾಲು ಮಾಡಿ. ಒಂದು ಪಾಲಿನಲ್ಲಿ ಬೇಕಾದಷ್ಟು ಹುಡುಕಿ. ಸಿಕ್ಕಿದ ಹತ್ತು ಜೋಡಿಗಳನ್ನು ಮಾತ್ರ ಇನ್ನೊಂದು ಪಾಲಿನಲ್ಲಿ ಪರೀಕ್ಷಿಸಿ. ಹುಡುಕಿದ ಡೇಟಾದಲ್ಲೇ ಸಾಬೀತು ಮಾಡಿದರೆ ಅದು ಸಾಬೀತಲ್ಲ.

ಮ್ಯಾಟ್ರಿಕ್ಸ್ ಓಡಿಸುವ ಮೊದಲು ಎಂತ ನೋಡಬೇಕು?

ಕಾಲಂಗಳನ್ನು ಒಂದೊಂದಾಗಿ ನೋಡಬೇಕು. ಬೇಸರದ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ.

ಕ್ರಮಸಂಖ್ಯೆ ಕೂಡ ಅಂಕಿಯೇ, ಮೊಬೈಲ್ ನಂಬರೂ ಅಂಕಿಯೇ, ಪಿನ್‌ಕೋಡ್ ಕೂಡ ಅಂಕಿಯೇ. 575001 ಮಂಗಳೂರು, 576101 ಉಡುಪಿ. ಇವನ್ನು ತೆಗೆಯದಿದ್ದರೆ ಸಾಫ್ಟ್‌ವೇರ್ ಪಾಪ ಪಿನ್‌ಕೋಡಿಗೂ ಬಿಪಿಗೂ ಸಂಬಂಧ ಲೆಕ್ಕ ಹಾಕಿ ಕೊಡುತ್ತದೆ. ತಾಲೂಕಿಗೆ 1, 2, 3 ಎಂದು ಕೋಡ್ ಕೊಟ್ಟಿದ್ದರೂ ಅದೇ ಕಥೆ. ಬಂಟ್ವಾಳ 2, ಪುತ್ತೂರು 3 ಎಂದಾಕ್ಷಣ ಪುತ್ತೂರು ಬಂಟ್ವಾಳಕ್ಕಿಂತ ಒಂದು ಹೆಚ್ಚು ಆಗುವುದಿಲ್ಲ ಅಲ್ವಾ?

ಆಮೇಲೆ 999. ಉತ್ತರ ಸಿಗದ ಕಡೆ 999 ಅಥವಾ ಮೈನಸ್ 999 ಹಾಕುವ ಪದ್ಧತಿ ತುಂಬಾ ಕಡೆ ಇದೆ. ನೂರು ಜನರ ವಯಸ್ಸಿನಲ್ಲಿ ಒಬ್ಬರಿಗೆ 999 ಉಳಿದರೂ ಆ ಕಾಲಂ ಕೆಟ್ಟಿತು. ಎರಡು ಕಾಲಂನಲ್ಲಿ ಒಂದೇ ಸಾಲಿಗೆ 999 ಇದ್ದರೆ ಗುಣಾಂಕ ಹೆಚ್ಚುಕಡಿಮೆ 1 ಬರುತ್ತದೆ, ನೀವು ಖುಷಿಪಡುತ್ತೀರಿ.

ನೀರಿನ ರಿಪೋರ್ಟಿನಲ್ಲಿ ಇನ್ನೊಂದು ತೊಂದರೆ, ಲ್ಯಾಬ್‌ನವರು ಬರೆಯುವ "ಬಿಡಿಎಲ್". ಉಪಕರಣ ಪತ್ತೆಮಾಡುವ ಮಟ್ಟಕ್ಕಿಂತ ಕಡಿಮೆ ಎಂದು ಅದರರ್ಥ. ಅದು ಸೊನ್ನೆಯೂ ಅಲ್ಲ, ಖಾಲಿಯೂ ಅಲ್ಲ. ಒಂದು ಕಾಲಂನಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಡಿಎಲ್ ಇದ್ದರೆ ಅದನ್ನು ಕೋರಿಲೇಶನ್‌ಗೆ ಸೇರಿಸದಿರುವುದೇ ವಾಸಿ. ಅಲ್ಲೊಂದು ಇಲ್ಲೊಂದು ಇದ್ದರೆ ಅವಕ್ಕೆಲ್ಲ ಒಂದೇ ಕಡಿಮೆ ರ್ಯಾಂಕ್ ಕೊಟ್ಟು, ಮುಂದೆ ಹೇಳುವ ರ್ಯಾಂಕ್ ಲೆಕ್ಕ ಸ್ಪಿಯರ್‌ಮನ್ ಹಾಕಬಹುದು.

ಎಲ್ಲಾ ಸಾಲಿನಲ್ಲೂ ಒಂದೇ ಅಂಕಿ ಇರುವ ಕಾಲಂ ಇದ್ದರೆ ತೆಗೆದುಹಾಕಿ. ಏರಿಳಿತವೇ ಇಲ್ಲದ್ದಕ್ಕೆ ಗುಣಾಂಕ ಬರುವುದಿಲ್ಲ, ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತದೆ.

ಪಿಯರ್ಸನ್, ಸ್ಪಿಯರ್‌ಮನ್, ಕೆಂಡಾಲ್, ಯಾವುದು ಹಾಕಬೇಕು?

ಕಾರ್ಲ್ ಪಿಯರ್ಸನ್ ಅವರ ಲೆಕ್ಕ 1890ರ ದಶಕದ್ದು, ನೇರ ಗೆರೆಯ ಸಂಬಂಧವನ್ನು ಅಳೆಯುತ್ತದೆ. ಸ್ಪಿಯರ್‌ಮನ್ 1904ರದ್ದು, ಅಂಕಿಯ ಬದಲು ಅದರ ರ್ಯಾಂಕ್ ನೋಡುತ್ತದೆ. ಕೆಂಡಾಲ್ 1938ರದ್ದು, ಅದೂ ರ್ಯಾಂಕ್ ಲೆಕ್ಕವೇ, ಸಾಲು ಕಡಿಮೆ ಇದ್ದು ಒಂದೇ ಅಂಕಿ ಪದೇ ಪದೇ ಬರುವಾಗ ಒಳ್ಳೆಯದು. ಹೇಳಿದರೆ ಇಷ್ಟೇ. ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಒಂದು ಲೆಕ್ಕ ಮಾಡಲೇಬೇಕು.

ಹತ್ತು ಬಾವಿ ಇವೆ ಎಂದುಕೊಳ್ಳಿ. ಒಂಬತ್ತು ಊರ ಒಳಗಿನವು. ಮೂರರಲ್ಲಿ ಕ್ಲೋರೈಡ್ ಲೀಟರಿಗೆ 10 ಮಿಲಿಗ್ರಾಂ, ಮೂರರಲ್ಲಿ 20, ಮೂರರಲ್ಲಿ 30. ಪ್ರತಿ ಮೂರರ ಗುಂಪಿನಲ್ಲೂ ನೈಟ್ರೇಟ್ 2, 4, 6. ಈ ಒಂಬತ್ತು ಬಾವಿಗೆ ಪಿಯರ್ಸನ್ ಹಾಕಿದರೆ ಸರಿಯಾಗಿ ಸೊನ್ನೆ. ಸಂಬಂಧವೇ ಇಲ್ಲ. ಹತ್ತನೆಯ ಬಾವಿ ಅಳಿವೆ ಬದಿಯದ್ದು. ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬಂದು ಕ್ಲೋರೈಡ್ 400 ಆಗಿದೆ, ಪಕ್ಕದಲ್ಲಿ ಕೊಟ್ಟಿಗೆ ಇರುವುದರಿಂದ ನೈಟ್ರೇಟ್ 20. ಇದೊಂದನ್ನು ಸೇರಿಸಿ ಪುನಃ ಹಾಕಿ. ಪಿಯರ್ಸನ್ 0.95.

ಸೊನ್ನೆಯಿಂದ 0.95ಕ್ಕೆ, ಒಂದೇ ಬಾವಿಯಿಂದ. ಪಿ-ವ್ಯಾಲ್ಯೂ ಕೂಡ ಪುಟ್ಟದಾಗಿ ಬರುತ್ತದೆ, ಬೊನ್ಫೆರೋನಿಯನ್ನೂ ದಾಟುತ್ತದೆ. "ಕರಾವಳಿ ಬಾವಿಗಳಲ್ಲಿ ಕ್ಲೋರೈಡಿಗೂ ನೈಟ್ರೇಟಿಗೂ ಬಲವಾದ ಸಂಬಂಧ" ಎಂದು ಬರೆಯಲು ಎಲ್ಲಾ ಸಿದ್ಧ. ಅದೇ ಹತ್ತು ಬಾವಿಗೆ ಸ್ಪಿಯರ್‌ಮನ್ ಹಾಕಿದರೆ 0.29 ಮಾತ್ರ. ರ್ಯಾಂಕಿನಲ್ಲಿ 400 ಎಂದರೂ 40 ಎಂದರೂ ಹತ್ತನೆಯ ಸ್ಥಾನವೇ ತಾನೇ.

ಕಾಲಂ ಜಾಸ್ತಿ ಇರುವಾಗ ನಾನು ಎರಡೂ ಮ್ಯಾಟ್ರಿಕ್ಸ್ ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯುತ್ತೇನೆ. ವ್ಯತ್ಯಾಸ ದೊಡ್ಡದಿರುವ ಜೋಡಿಗಳಿಗೆ ಮಾತ್ರ ಚುಕ್ಕಿ ಚಿತ್ರ ಹಾಕಿ ನೋಡುತ್ತೇನೆ. 780 ಚಿತ್ರ ನೋಡಲು ಯಾರಿಗೂ ಆಗುವುದಿಲ್ಲ, ಇಪ್ಪತ್ತು ನೋಡಬಹುದು.

ಆ ಬಾವಿಯನ್ನು ಕಿತ್ತುಹಾಕಬೇಕಾ? ಬೇಡ. ಅಳತೆ ಸರಿಯಿದ್ದರೆ ಅದು ತಪ್ಪು ಡೇಟಾ ಅಲ್ಲ, ಬೇರೆ ಕಥೆಯ ಬಾವಿ. ಸೇರಿಸಿ ಒಂದು, ಬಿಟ್ಟು ಒಂದು, ಎರಡೂ ಲೆಕ್ಕ ಕೊಡಿ.

ಯಾವ ಕಾಲಂನಲ್ಲೂ ವಿಚಿತ್ರ ಅಂಕಿ ಇಲ್ಲ. ಆದರೂ ಒಂದು ಸಾಲು ಸರಿ ಕಾಣುವುದಿಲ್ಲ. ಹೇಗೆ ಹಿಡಿಯುವುದು?

ಒಂದೊಂದೇ ನೋಡಿದರೆ ಸರಿ, ಒಟ್ಟಿಗೆ ನೋಡಿದರೆ ಸರಿಯಿಲ್ಲ. ಆರು ಅಡಿ ಎತ್ತರದವರು ಇದ್ದಾರೆ, 45 ಕಿಲೋ ತೂಕದವರು ಇದ್ದಾರೆ, ಎರಡೂ ಒಬ್ಬರಲ್ಲೇ ಇದ್ದರೆ ಇನ್ನೊಮ್ಮೆ ಕೇಳಬೇಕಾಗುತ್ತದೆ. ಇದಕ್ಕಿರುವ ಅಳತೆಗೋಲು ಮಹಲನೋಬಿಸ್ ದೂರ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1936ರಲ್ಲಿ ಕೊಟ್ಟದ್ದು. ಕಾಲಂಗಳ ನಡುವಿನ ಕೋರಿಲೇಶನ್ ಅನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಂದು ಸಾಲು ಉಳಿದವುಗಳ ನಡುವಿನಿಂದ ಎಷ್ಟು ದೂರ ಎಂದು ಹೇಳುತ್ತದೆ. 1941ರಲ್ಲಿ ಸಂಯುಕ್ತ ಪ್ರಾಂತದಲ್ಲಿ (ಈಗಿನ ಉತ್ತರ ಪ್ರದೇಶದ ಕಡೆ) ಸಾವಿರಾರು ಜನರ ತಲೆ, ಮೂಗು, ಎತ್ತರ ಎಲ್ಲ ಅಳೆದ ದೊಡ್ಡ ಸಮೀಕ್ಷೆಯ ಅಂಕಿಗಳಿಗೆ ಈ ಲೆಕ್ಕ ಹಾಕಿ 1949ರಲ್ಲಿ ಪ್ರಕಟಿಸಿದವರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೂಡ ಒಬ್ಬರು. ಕಾಲಂ ಜಾಸ್ತಿ ಎಂದು ಗೊಣಗುವಾಗ, ಅವರು ಅದನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ್ದು ಎಂದು ನೆನಪಿಟ್ಟುಕೊಳ್ಳಿ.

ಟಿಡಿಎಸ್‌ಗೂ ಇಸಿಗೂ 0.99 ಬಂತು. ಒಳ್ಳೆಯ ಫಲಿತಾಂಶ ಅಲ್ವಾ?

ನಿಮ್ಮ ಕೈಯಲ್ಲಿರುವ ಮೀಟರ್ ನೋಡಿ. ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣವನ್ನು ತೂಗುವುದಿಲ್ಲ. ಅದು ಅಳೆಯುವುದು ವಿದ್ಯುತ್ ವಾಹಕತೆ, ಅಂದರೆ ಇಸಿಯನ್ನೇ. ಅದನ್ನು 0.5ರಿಂದ 0.7ರ ನಡುವಿನ ಒಂದು ಅಂಕಿಯಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಒಂದು ಕಾಲಂ ಇನ್ನೊಂದರ ಗುಣಲಬ್ಧ. 0.99 ಬಾರದೆ ಇನ್ನೇನು ಬರಬೇಕು ಮಾರಾಯ್ರೆ! 1 ಬಾರದೆ 0.99 ಬಂದದ್ದಕ್ಕೆ ಬರೆದುಕೊಳ್ಳುವಾಗ ಆದ ತಪ್ಪೋ, ದಶಮಾಂಶ ಬಿಟ್ಟದ್ದೋ ಕಾರಣ ಇರಬೇಕು.

ಒಟ್ಟು ಗಡಸುತನ ಮತ್ತು ಕ್ಯಾಲ್ಸಿಯಂ ಕೂಡ ಇದೇ ಜಾತಿ, ಗಡಸುತನದ ಒಳಗೇ ಕ್ಯಾಲ್ಸಿಯಂ ಇದೆ. ಬಿಎಂಐ ಮತ್ತು ತೂಕ, ಒಟ್ಟು ಅಂಕ ಮತ್ತು ಗಣಿತದ ಅಂಕ, ಎಲ್ಲವೂ ಹಾಗೆಯೇ. ಮ್ಯಾಟ್ರಿಕ್ಸ್‌ನಲ್ಲಿ ಕಡು ಬಣ್ಣದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಇವೇ. 0.95 ದಾಟಿದ ಜೋಡಿ ಕಂಡರೆ ಸಂಭ್ರಮಿಸುವ ಮೊದಲು, ಒಂದರಿಂದ ಇನ್ನೊಂದನ್ನು ಲೆಕ್ಕ ಮಾಡಿದ್ದಾರಾ ಕೇಳಿ.

ಮಳೆ ಜಾಸ್ತಿಯಾದ ತಿಂಗಳಲ್ಲಿ ಮಲ್ಪೆಯಲ್ಲಿ ಮೀನು ಕಡಿಮೆ. ಇದನ್ನು ಹೇಗೆ ಬರೆಯಬೇಕು?

ಬರೆಯುವ ಮೊದಲು ದಕ್ಕೆಗೆ ಹೋಗಿ ಯಾರನ್ನಾದರೂ ಕೇಳಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಮ್ಮಲ್ಲಿ ಮಳೆ ಹೊಡೆಯುವುದೂ ಅದೇ ಎರಡು ತಿಂಗಳು. ಟ್ರಾಲ್ ಬೋಟುಗಳು ಸಾಲಾಗಿ ಲಂಗರು ಹಾಕಿ ನಿಂತಿರುವಾಗ ಬಂಗುಡೆ, ಬೂತಾಯಿ ಲೆಕ್ಕ ಎಲ್ಲಿಂದ ಏರುತ್ತದೆ? ನಾಡದೋಣಿಯವರು ತರುವುದಷ್ಟೇ. ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ ಮಳೆಗೂ ಮೀನಿಗೂ ದೊಡ್ಡ ಮೈನಸ್ ಬರುತ್ತದೆ. ಆ ಮೈನಸ್‌ನ ಬಹುಪಾಲು ಸರ್ಕಾರದ ಆದೇಶದ್ದು.

ಇಂಥ ಕಡೆ ಆ ಎರಡು ತಿಂಗಳನ್ನು ಬಿಟ್ಟು ಲೆಕ್ಕ ಮಾಡಬೇಕು, ಇಲ್ಲವೇ ನಾಡದೋಣಿಯ ಲೆಕ್ಕ ಬೇರೆಯೇ ಮಾಡಬೇಕು. ಒಟ್ಟು ಟನ್ ಬದಲು ಒಂದು ದೋಣಿಗೆ, ಒಂದು ದಿನಕ್ಕೆ ಎಷ್ಟು ಎಂದು ನೋಡಿದರೆ ಇನ್ನೂ ಒಳ್ಳೆಯದು.

ಎರಡರ ಜೊತೆಗೂ ಸಂಬಂಧ ಇರುವ ಮೂರನೆಯ ಸಂಗತಿ ಒಂದು ಅಂಕಿಯ ಕಾಲಂ ಆಗಿಯೇ ಇದ್ದರೆ ಭಾಗಶಃ ಸಹಸಂಬಂಧ, ಅಂದರೆ ಆ ಮೂರನೆಯದರ ಪ್ರಭಾವ ತೆಗೆದ ಮೇಲೆ ಉಳಿಯುವ ಕೋರಿಲೇಶನ್, ಹಾಕಬಹುದು. ಎರಡು ಕಾಲಂಗಳ ನಡುವೆ 0.6 ಬಂದಿದೆ ಎನ್ನಿ. ಮೂರನೆಯದರ ಜೊತೆ ಒಂದಕ್ಕೆ 0.8, ಇನ್ನೊಂದಕ್ಕೆ 0.7. ಮೊದಲು 0.8 ಮತ್ತು 0.7 ಗುಣಿಸಿ, 0.56. ಅದನ್ನು 0.6ರಿಂದ ಕಳೆದರೆ ಉಳಿಯುವುದು 0.04. 1ರಿಂದ 0.8ರ ವರ್ಗ ಕಳೆದರೆ 0.36, 0.7ರ ವರ್ಗ ಕಳೆದರೆ 0.51. ಕೆಳಗಿನ ಛೇದ ಈ ಎರಡರ ಗುಣಲಬ್ಧದ ವರ್ಗಮೂಲ, ಸುಮಾರು 0.43. ಭಾಗಿಸಿದರೆ 0.09. ಇದ್ದ 0.6ರಲ್ಲಿ ಉಳಿದದ್ದು ಇಷ್ಟು. ಆದರೆ ಸಿಕ್ಕಿದ ಕಾಲಂಗಳನ್ನೆಲ್ಲ "ಕಂಟ್ರೋಲ್" ಮಾಡುತ್ತಾ ಹೋಗಬೇಡಿ. ಯಾವುದನ್ನು ಯಾಕೆ ಎಂದು ಒಂದು ಸಾಲಿನಲ್ಲಿ ಹೇಳಲು ಬರದಿದ್ದರೆ ಅದನ್ನು ಬಿಟ್ಟುಬಿಡಿ.

ಇಪ್ಪತ್ತು ವರ್ಷದ ಅಂಕಿಗಳು. ಎಲ್ಲದಕ್ಕೂ ಎಲ್ಲದರ ಜೊತೆ 0.9 ಬರುತ್ತಿದೆ!

ವರ್ಷದಿಂದ ವರ್ಷಕ್ಕೆ ಏರುವುದು ಯಾವುದೇ ಆಗಿರಲಿ, ಏರುವ ಇನ್ನೊಂದರ ಜೊತೆ ಹೊಂದಿಕೊಳ್ಳುತ್ತದೆ. ಅಂಜಲ್ ಮೀನಿನ ರೇಟು, ಮಂಗಳೂರಿನ ವಾಹನಗಳ ಸಂಖ್ಯೆ, ಮೊಬೈಲ್ ಟವರ್, ಬಿಎಡ್ ಮಾಡಿದವರು, ಏನು ಬೇಕಾದರೂ ಹಾಕಿ. ಇದು ಹಳೆಯ ಪಾಠ. 1926ರಲ್ಲಿ ಜಿ. ಉಡ್ನಿ ಯೂಲ್ ಇಂಗ್ಲೆಂಡಿನಲ್ಲಿ ಅಲ್ಲಿನ ಚರ್ಚಿನ ಪದ್ಧತಿಯಲ್ಲಿ ನಡೆದ ಮದುವೆಗಳ ಪಾಲಿಗೂ ಸಾವಿನ ಪ್ರಮಾಣಕ್ಕೂ 0.95 ತೋರಿಸಿದ್ದರು. ಎರಡೂ 1866ರಿಂದ 1911ರ ತನಕ ಇಳಿಯುತ್ತಾ ಬಂದಿದ್ದವು, ಅಷ್ಟೇ.

ಅಂಕಿಯ ಬದಲು ಹಿಂದಿನ ವರ್ಷಕ್ಕಿಂತ ಎಷ್ಟು ಬದಲಾಯಿತು ಎಂಬುದನ್ನು ತೆಗೆದುಕೊಳ್ಳಿ, ಆ ಬದಲಾವಣೆಗಳ ನಡುವೆ ಕೋರಿಲೇಶನ್ ಹಾಕಿ. ತಿಂಗಳ ಡೇಟಾ ಆದರೆ ಮೊದಲು ಋತುವಿನ ಏರಿಳಿತ ತೆಗೆಯಬೇಕು. ಈ ವರ್ಷದ ಜುಲೈಯನ್ನು ಹಿಂದಿನ ವರ್ಷಗಳ ಜುಲೈ ಜೊತೆ ಹೋಲಿಸಿ, ಮೇ ಜೊತೆ ಬೇಡ.

ಗ್ರಾಮದ ಜಮೀನಿನಲ್ಲಿ ಅಡಿಕೆ, ಭತ್ತ, ತೆಂಗು, ರಬ್ಬರ್ ಎಷ್ಟು ಶೇಕಡಾ ಎಂದು ಉಂಟು. ಇದಕ್ಕೆ ಹಾಕಬಹುದಾ?

ಹುಷಾರು. ಒಟ್ಟು 100 ಆಗಲೇಬೇಕಾದ ಕಾಲಂಗಳಲ್ಲಿ ಒಂದು ಏರಿದರೆ ಇನ್ಯಾವುದೋ ಇಳಿಯಲೇಬೇಕು. ಅಡಿಕೆಗೂ ಭತ್ತಕ್ಕೂ ಬರುವ ಮೈನಸ್‌ನಲ್ಲಿ ರೈತರ ತೀರ್ಮಾನ ಎಷ್ಟು, ಬರೀ ಕಳೆಯುವ ಲೆಕ್ಕ ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಪಾಲು, ಅನುಪಾತಗಳ ಈ ಮೋಸವನ್ನು ಪಿಯರ್ಸನ್ 1897ರಲ್ಲೇ ಎಚ್ಚರಿಸಿದ್ದರು. ಐಚಿಸನ್ 1980ರ ದಶಕದಲ್ಲಿ ಅನುಪಾತದ ಲಾಗ್ ತೆಗೆದು ಕೆಲಸ ಮಾಡುವ ದಾರಿ ಕೊಟ್ಟರು. ಎಕರೆ ಲೆಕ್ಕ ಸಿಕ್ಕಿದರೆ ಅದನ್ನೇ ಬಳಸಿ.

ಖಾಲಿ ಕೋಶಗಳನ್ನು ಏನು ಮಾಡುವುದು?

ಎಕ್ಸೆಲ್‌ನ ಕೋರೆಲ್ ಫಂಕ್ಷನ್ ಖಾಲಿ ಕೋಶವನ್ನೂ ಅಕ್ಷರವನ್ನೂ ಸುಮ್ನೆ ದಾಟಿಹೋಗುತ್ತದೆ, ನಿಮಗೆ ಹೇಳುವುದೂ ಇಲ್ಲ. ಆರ್ ಹಾಗಲ್ಲ, ಒಂದು ಖಾಲಿ ಇದ್ದರೂ ಉತ್ತರ ಕೊಡಲು ಒಪ್ಪುವುದಿಲ್ಲ, ಏನು ಮಾಡಬೇಕೆಂದು ನೀವೇ ಹೇಳಬೇಕು. ಪೈಥಾನ್‌ನ ಪಾಂಡಾಸ್ ಪ್ರತಿ ಜೋಡಿಗೆ ಸಿಕ್ಕಿದ ಸಾಲುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ.

ಜೋಡಿ ಜೋಡಿಯಾಗಿ ತೆಗೆದುಕೊಳ್ಳುವುದರಲ್ಲಿ ಒಂದು ತೊಡಕು. ಒಂದು ಕೋಶ 90 ಸಾಲಿನಿಂದ ಬಂದಿರುತ್ತದೆ, ಪಕ್ಕದ್ದು 22ರಿಂದ. ಎರಡಕ್ಕೂ ಒಂದೇ ಬಣ್ಣ. ಅಂಥ ಮ್ಯಾಟ್ರಿಕ್ಸ್ ತನ್ನೊಳಗೆ ತಾನೇ ಹೊಂದದೆ, ಮುಂದೆ ಫ್ಯಾಕ್ಟರ್ ಅನಾಲಿಸಿಸ್‌ಗೆ (ಕಾಲಂಗಳನ್ನು ಕೆಲವೇ ಗುಂಪಿಗೆ ಇಳಿಸುವ ಲೆಕ್ಕ) ಹಾಕಿದಾಗ ಬರಬಾರದ ನೆಗೆಟಿವ್ ಐಗನ್ ವ್ಯಾಲ್ಯೂ ಬಂದು ಸಾಫ್ಟ್‌ವೇರ್ ನಿಂತುಬಿಡಬಹುದು. ಪ್ರತಿ ಜೋಡಿಗೆ ಎಷ್ಟು ಸಾಲು ಸಿಕ್ಕಿತು ಎಂಬ ಇನ್ನೊಂದು ಪಟ್ಟಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಸರಾಸರಿ ತುಂಬಿಸಿ ಖಾಲಿ ಮುಚ್ಚುವ ಅಭ್ಯಾಸ ಬಿಡಿ, ಅದರಿಂದ ಏರಿಳಿತ ಕುಗ್ಗಿ ಗುಣಾಂಕ ಕೆಡುತ್ತದೆ.

0.3 ಅಂದರೆ ಕಡಿಮೆಯಾ? 0.5 ಸಾಕಾ?

ಸಾಲು ಎಷ್ಟು ಎಂದು ಕೇಳದೆ ಹೇಳಲು ಆಗುವುದಿಲ್ಲ. ಶೇಕಡಾ 5ರ ಗಡಿ 10 ಸಾಲಿಗೆ 0.632, 100 ಸಾಲಿಗೆ 0.197, 1,000 ಸಾಲಿಗೆ ಬರೀ 0.062. ಸಾವಿರ ಜನರ ಸರ್ವೆಯಲ್ಲಿ 0.07ಕ್ಕೂ ಸ್ಟಾರ್ ಬೀಳುತ್ತದೆ, ಅದರ ವರ್ಗ 0.005, ಅಂದರೆ ಏರಿಳಿತದಲ್ಲಿ ಶೇಕಡಾ ಅರ್ಧದಷ್ಟನ್ನೂ ಅದು ವಿವರಿಸುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. 30 ಸಾಲಿನಲ್ಲಿ 0.5 ಬಂದರೆ ಅದರ ಶೇಕಡಾ 95ರ ವ್ಯಾಪ್ತಿ 0.17ರಿಂದ 0.73. ಅಂದರೆ ನಿಜವಾದದ್ದು ತೀರಾ ಸಣ್ಣದೂ ಇರಬಹುದು, ಭರ್ಜರಿಯೂ ಇರಬಹುದು. ಸ್ಟಾರ್ ಬದಲು ಈ ವ್ಯಾಪ್ತಿ ಕೊಟ್ಟರೆ ಓದುವವರಿಗೆ ಉಪಕಾರ. ಜೊತೆಗೆ, ನೂರಾರು ಜೋಡಿಗಳಲ್ಲಿ ಅತಿ ದೊಡ್ಡದನ್ನು ಆರಿಸಿ ತೆಗೆದರೆ ಅದು ನಿಜಕ್ಕಿಂತ ದೊಡ್ಡದಾಗಿ ಕಾಣುವ ಸಾಧ್ಯತೆಯೇ ಹೆಚ್ಚು. ಮುಂದಿನ ವರ್ಷ ಬೇರೆಯವರು ಮಾಡಿದಾಗ ಇಳಿಯುತ್ತದೆ.

ಸೊನ್ನೆ ಬಂದರೆ ಸಂಬಂಧ ಇಲ್ಲ ಎಂದಾ?

ನೇರ ಗೆರೆಯ ಸಂಬಂಧ ಇಲ್ಲ ಎಂದು ಮಾತ್ರ. ಸಿಗಡಿ ಕೆರೆಯಲ್ಲಿ ಉಪ್ಪು ತೀರಾ ಕಡಿಮೆಯಾದರೂ ಆಗುವುದಿಲ್ಲ, ತೀರಾ ಜಾಸ್ತಿಯಾದರೂ ಆಗುವುದಿಲ್ಲ. ನಡುವೆ ಬೆಳವಣಿಗೆ ಒಳ್ಳೆಯದು. ಏರಿ ಇಳಿಯುವ ಇಂಥ ಗೆರೆಗೆ ಪಿಯರ್ಸನ್ನೂ ಸ್ಪಿಯರ್‌ಮನ್ನೂ ಸೊನ್ನೆಯ ಹತ್ತಿರ ಕೊಡಬಹುದು. 1973ರಲ್ಲಿ ಫ್ರಾನ್ಸಿಸ್ ಅನ್ಸ್‌ಕಂಬ್ ನಾಲ್ಕು ಪುಟ್ಟ ಡೇಟಾ ಮಾಡಿ ತೋರಿಸಿದರು. ನಾಲ್ಕಕ್ಕೂ ಗುಣಾಂಕ 0.816, ಚಿತ್ರ ಹಾಕಿದರೆ ಒಂದರ ಹಾಗೆ ಇನ್ನೊಂದಿಲ್ಲ.

ಪ್ರವೇಶ ಪರೀಕ್ಷೆಯ ಅಂಕಕ್ಕೂ ಕಾಲೇಜಿನ ಅಂಕಕ್ಕೂ ಸಂಬಂಧ ಕಡಿಮೆ ಎಂದು ತೀರ್ಮಾನಿಸುವ ಮೊದಲೂ ಯೋಚಿಸಿ. ಒಳಗೆ ಬಂದವರೆಲ್ಲ ಮೇಲಿನ ಅಂಕದವರೇ. ಸೋತವರು ನಿಮ್ಮ ಶೀಟಿನಲ್ಲಿ ಇಲ್ಲ. ವ್ಯಾಪ್ತಿ ಕಿರಿದಾದರೆ ಗುಣಾಂಕವೂ ಕುಗ್ಗುತ್ತದೆ.

ಪ್ರಶ್ನಾವಳಿಯ ಉತ್ತರ, ಗಂಡು–ಹೆಣ್ಣು, ತಾಲೂಕು, ಇವಕ್ಕೆ?

"ಪೂರ್ತಿ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ" ತನಕದ ಐದು ಹಂತಕ್ಕೆ ಸ್ಪಿಯರ್‌ಮನ್, ಇನ್ನೂ ಸರಿಯಾಗಬೇಕಾದರೆ ಪಾಲಿಕೋರಿಕ್. ಎರಡೇ ಬಗೆ ಇದ್ದರೆ 0 ಮತ್ತು 1 ಹಾಕಿ ಪಿಯರ್ಸನ್ ಮಾಡಬಹುದು. ತಾಲೂಕಿನಂಥ ಹೆಸರುಗಳಿಗೆ ಕ್ರಾಮರ್ ವಿ. ಮೂರನ್ನೂ ಒಂದೇ ಬಣ್ಣದ ಚಿತ್ರದಲ್ಲಿ ಬೆರೆಸಬೇಡಿ.

30 ಸ್ಯಾಂಪಲ್, 2,000 ಕಾಲಂ. ಸಾಧ್ಯವಾ?

ಜೋಡಿ ಜೋಡಿಯಾಗಿ ಹಾಕಲು ಯಾರೂ ತಡೆಯುವುದಿಲ್ಲ, 19,99,000 ಜೋಡಿ ಆಗುತ್ತದೆ. ಆದರೆ ಆ ಇಡೀ ಮ್ಯಾಟ್ರಿಕ್ಸ್‌ನಲ್ಲಿ ಸ್ವತಂತ್ರ ಮಾಹಿತಿ ಇರುವುದು ಹೆಚ್ಚೆಂದರೆ 29 ದಿಕ್ಕಿನಷ್ಟು. ಅದನ್ನು ವಿಲೋಮ ಮಾಡಲು ಆಗುವುದಿಲ್ಲ. ಹಾಗಾಗಿ ಮಹಲನೋಬಿಸ್ ದೂರವೂ ಇಲ್ಲ, ಎಲ್ಲಾ ಕಾಲಂ ಸೇರಿಸಿದ ಭಾಗಶಃ ಸಹಸಂಬಂಧವೂ ಇಲ್ಲ. ಗುಣಾಂಕಗಳನ್ನು ಸ್ವಲ್ಪ ಸೊನ್ನೆಯ ಕಡೆ ಕುಗ್ಗಿಸುವ ಲೆಡ್ವಾ–ವುಲ್ಫ್ ವಿಧಾನ, ಬೇಡದ ಸಂಬಂಧಗಳನ್ನು ಪೂರ್ತಿ ಸೊನ್ನೆ ಮಾಡುವ ಗ್ರಾಫಿಕಲ್ ಲಾಸೋ ಇಂಥ ಕಡೆಗೇ ಇರುವುದು.

ಕಂಪ್ಯೂಟರ್ ತಡೆಯುತ್ತದಾ ಎಂಬ ಭಯ ಬೇಡ. 10,000 ಕಾಲಂ ಆದರೆ ಮ್ಯಾಟ್ರಿಕ್ಸ್‌ನಲ್ಲಿ 10 ಕೋಟಿ ಕೋಶ, ತಲಾ 8 ಬೈಟ್, ಒಟ್ಟು 800 ಎಂಬಿ. ಸಾಧಾರಣ ಲ್ಯಾಪ್‌ಟಾಪ್ ಹೊರುತ್ತದೆ. ಖಾಲಿ ಕೋಶ ಇಲ್ಲದಿದ್ದರೆ ಪಾಂಡಾಸ್ ಬದಲು ಪೈಥಾನ್‌ನದ್ದೇ ಆದ ನಂಪೈ ಬಳಸಿ, ಮ್ಯಾಟ್ರಿಕ್ಸ್ ಗುಣಾಕಾರದಲ್ಲೇ ಮುಗಿಸುವುದರಿಂದ ಬೇಗ ಆಗುತ್ತದೆ.

ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಇಲ್ಲ. ದುಡ್ಡು ಕೊಡದೆ ಆಗುತ್ತದಾ?

ಧಾರಾಳ. ಮೌಸ್‌ನಲ್ಲೇ ಮಾಡಬೇಕು ಎನ್ನುವವರಿಗೆ ಜಾಮೋವಿ ಅಥವಾ ಜಾಸ್ಪ್. ಕಾಲಂ ನೂರು ದಾಟಿದರೆ ಆರ್ ಅಥವಾ ಪೈಥಾನ್ ಕಲಿಯುವುದೇ ಲೇಸು.

ಹೀಟ್‌ಮ್ಯಾಪ್ ಹಾಕಿದೆ. ಏನೂ ಕಾಣುವುದಿಲ್ಲ, ಬರೀ ಬಣ್ಣ.

ಕಾಲಂಗಳು ಶೀಟಿನಲ್ಲಿ ಇದ್ದ ಕ್ರಮದಲ್ಲೇ ಇವೆ, ಅದಕ್ಕೆ. ಕ್ಲಸ್ಟರ್ ಮಾಡಿ ಹತ್ತಿರದವುಗಳನ್ನು ಪಕ್ಕ ಪಕ್ಕ ತನ್ನಿ, ಚೌಕ ಚೌಕವಾಗಿ ಗುಂಪು ಕಾಣತೊಡಗುತ್ತವೆ. ಮೇಲಿನ ಅರ್ಧ, ಕೆಳಗಿನ ಅರ್ಧ ಒಂದೇ ಆದ್ದರಿಂದ ಒಂದನ್ನು ಅಳಿಸಿ. ಸೊನ್ನೆಗೆ ಬಿಳಿ, ಎರಡು ಕಡೆಗೆ ಎರಡು ಬಣ್ಣ, ಮಾಪಕ ಯಾವಾಗಲೂ ಮೈನಸ್ 1ರಿಂದ ಪ್ಲಸ್ 1. ಸಾಫ್ಟ್‌ವೇರ್ ತನ್ನಷ್ಟಕ್ಕೆ 0.1ರಿಂದ 0.4ರ ತನಕ ಹಿಗ್ಗಿಸಿ ಬಣ್ಣ ಹಚ್ಚಿದರೆ ಎಲ್ಲವೂ ಉರಿಯುವ ಹಾಗೆ ಕಾಣುತ್ತದೆ.

60 ಕಾಲಂ ದಾಟಿದ ಮೇಲೆ ಹೀಟ್‌ಮ್ಯಾಪ್ ಗೋಡೆಗೆ ಚಂದ, ಪುಟಕ್ಕಲ್ಲ. ಆಯ್ದ 20 ಜೋಡಿಗಳ ಪಟ್ಟಿಯೇ ಸಾಕು. ಇಡೀ ಗುಂಪು ಒಟ್ಟಿಗೆ ಏರಿಳಿಯುತ್ತಿದ್ದರೆ ಪಿಸಿಎ, ಅಂದರೆ ಅಂಥ ಕಾಲಂಗಳನ್ನು ಒಂದು ಘಟಕವಾಗಿ ಸೇರಿಸುವ ಲೆಕ್ಕ, ಮಾಡಿ. ಉಪ್ಪುನೀರಿನ ಬಾವಿಗಳಲ್ಲಿ ಸೋಡಿಯಂ, ಕ್ಲೋರೈಡ್, ಇಸಿ ಮೂರೂ ಸೇರಿ ಒಂದೇ ಘಟಕವಾಗಿ ನಿಲ್ಲುತ್ತವೆ. ಅಲ್ಲಿ ಮೂರು ಸಂಬಂಧ ಇಲ್ಲ, ಕಡಲು ಒಂದೇ.

ರಿಗ್ರೆಶನ್‌ಗೆ (ಕೆಲವು ಕಾಲಂಗಳಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಮೊದಲು 0.8 ದಾಟಿದ ಜೋಡಿಯಲ್ಲಿ ಒಂದನ್ನು ತೆಗೆಯಬೇಕಂತೆ?

ಜೋಡಿ ನೋಡಿದರೆ ಸಾಲದು. ಮೂರು ಕಾಲಂ ಸೇರಿ ನಾಲ್ಕನೆಯದನ್ನು ಪೂರ್ತಿ ಹೇಳಬಲ್ಲವು, ಯಾವ ಜೋಡಿಯೂ 0.6 ದಾಟದೆ. ಅದಕ್ಕೆ ವಿಐಎಫ್ ನೋಡಿ, ಒಂದು ಕಾಲಂ ಅನ್ನು ಉಳಿದವೆಲ್ಲ ಸೇರಿ ಎಷ್ಟು ಹೇಳಬಲ್ಲವು ಎಂದು ಅದು ತೋರಿಸುತ್ತದೆ. 5 ಅಥವಾ 10 ದಾಟಿದರೆ ಯೋಚಿಸಿ. ಎರಡರಲ್ಲಿ ಯಾವುದನ್ನು ಬಿಡಬೇಕು ಎಂಬುದು ನಿಮ್ಮ ವಿಷಯ ಗೊತ್ತಿರುವ ನೀವೇ ತೀರ್ಮಾನಿಸಬೇಕು. ಅಳೆಯಲು ಸುಲಭವಾದದ್ದನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುವುದು.

ಥೀಸಿಸ್‌ನಲ್ಲಿ ಏನೇನು ಬರೆಯಬೇಕು?

ಎಷ್ಟು ಕಾಲಂ ಇತ್ತು, ಎಷ್ಟು ತೆಗೆದಿರಿ, ಯಾಕೆ. ಒಟ್ಟು ಎಷ್ಟು ಜೋಡಿ ಪರೀಕ್ಷಿಸಿದಿರಿ. ಯಾವ ಗುಣಾಂಕ, ಖಾಲಿ ಕೋಶಕ್ಕೆ ಏನು ಮಾಡಿದಿರಿ, ಪಿ-ವ್ಯಾಲ್ಯೂ ಹೇಗೆ ತಿದ್ದಿದಿರಿ. ಮೊದಲೇ ಅಂದುಕೊಂಡಿದ್ದ ಜೋಡಿ ಯಾವುದು, ಹುಡುಕುವಾಗ ಸಿಕ್ಕಿದ್ದು ಯಾವುದು. ಕೊನೆಯದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ವೈವಾದಲ್ಲಿ ಅದನ್ನೇ ಕೇಳಿದರೆ ಬಚಾವಾಗುವುದು ಬರೆದವರು ಮಾತ್ರ. ಪೂರ್ತಿ ಮ್ಯಾಟ್ರಿಕ್ಸ್ ಅನ್ನು ಅನುಬಂಧದಲ್ಲಿ ಹಾಕಿ.

ದಶಮಾಂಶ ಎಷ್ಟು ಸ್ಥಾನ?

ಎರಡು. 30 ಸಾಲಿನ ಡೇಟಾದಲ್ಲಿ 0.48732 ಎಂದು ಬರೆದರೆ ಕೊನೆಯ ಮೂರು ಅಂಕಿ ಶಾಯಿ ದಂಡ.